ಮುನ್ನೂರನ್ನು ನಾನೂರೈವತ್ತು ಮಾಡಿದವರು

ಚಿತ್ರದುರ್ಗದ ಹಳೆಯ ಮನೆಗಳ ಅಟ್ಟವನ್ನು ಹತ್ತಿ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅಲ್ಲಿ ಯಾವ ವಸ್ತುವೂ ಸಾಯುವುದಿಲ್ಲ. ಮೂಲೆಗೆ ಸರಿಯುತ್ತದೆ, ಅಷ್ಟೆ. ಕಲಾಯಿ ಹೋದ ಹಂಡೆ, ಅಜ್ಜನ ಕಾಲದ ವಾಲ್ವ್ ರೇಡಿಯೋ, ಒಂದು ಕಾಲು ಮುರಿದ ತೊಟ್ಟಿಲು, ಹುರಿ ಕಟ್ಟಿದ ಹಳೆಯ ಪುಸ್ತಕಗಳ ಕಟ್ಟು. ಇವುಗಳ ನಡುವೆ ಈಚಿನ ವರ್ಷಗಳಲ್ಲಿ ಇನ್ನೊಂದು ವಸ್ತು ಬಂದು ಸೇರಿಕೊಂಡಿದೆ. ಹಸಿರು ಇಲ್ಲವೆ ಕಂದು ಬಣ್ಣದ, ಊಟದ ತಟ್ಟೆಯಷ್ಟು ಅಗಲದ ಒಂದು ಹಲಗೆ. ಅದರ ಮೇಲೆ ಚಿಕ್ಕ ಚಿಕ್ಕ ಗೋಪುರಗಳು, ಸಾಲುಮನೆಗಳು, ಓಣಿಗಳು. ಬೆಟ್ಟದ ಮೇಲಿನಿಂದ ಊರನ್ನು ನೋಡಿದ ಹಾಗೆ. ಮನೆಯ ಹಿರಿಯರು ಅದನ್ನು ‘ಕಂಪ್ಯೂಟರಿನ ಒಳಗಿನದು’ ಎನ್ನುತ್ತಾರೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಅದನ್ನು ಅಲ್ಲಿಟ್ಟ ಮಗ, ಈಗ ನಲವತ್ತು ದಾಟಿ ಬೆಂಗಳೂರಿನಲ್ಲಿ ಸಂಸಾರಸ್ಥನಾಗಿರುವವನು, ಹಬ್ಬಕ್ಕೆ ಬಂದಾಗ ಅದನ್ನು ಮಾತ್ರ ಮಾರಗೊಡುವುದಿಲ್ಲ.

“ಇದನ್ನೇನು ಪೂಜೆ ಮಾಡ್ತೀಯೇನೋ?” ಎಂದು ತಾಯಿ ಕೇಳಿದರೆ, “ಇರ್ಲಿ ಬಿಡಮ್ಮ, ಅದರ ಜಾಗದಲ್ಲಿ ಅದಿರ್ಲಿ” ಎಂಬಷ್ಟೇ ಉತ್ತರ.

ಆ ಹಲಗೆಯ ಹೆಸರು ಮದರ್‌ಬೋರ್ಡ್. ಲೆಕ್ಕ ಮಾಡುವ ಪ್ರೊಸೆಸರ್, ನೆನಪಿಡುವ ಮೆಮೊರಿ, ಚಿತ್ರ ಮೂಡಿಸುವ ಕಾರ್ಡು, ಬರೆದದ್ದನ್ನೆಲ್ಲ ಕೂಡಿಡುವ ಹಾರ್ಡ್ ಡಿಸ್ಕು, ಎಲ್ಲವೂ ಬಂದು ಕೂಡುವ ನೆಲ ಅದು. ಇಂದಿನ ಮಕ್ಕಳಿಗೆ ಅದನ್ನು ಕಣ್ಣಾರೆ ಕಾಣುವ ಪ್ರಸಂಗವೇ ಒದಗುವುದಿಲ್ಲ. ಅವರ ಕೈಯಲ್ಲಿರುವ ಯಂತ್ರಗಳು ಅಂಟು ಹಾಕಿ ಮುಚ್ಚಿದ ಯಂತ್ರಗಳು. ಆದರೆ 1990ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷಗಳ ಕಾಲ, ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದ ಕಂಪ್ಯೂಟರ್ ಬಾಗಿಲು ತೆರೆದ ಮನೆಯಂತಿದ್ದಿತು. ನಾಲ್ಕು ತಿರುಪು ಬಿಚ್ಚಿದರೆ ಒಳಗಿನದೆಲ್ಲ ಕಾಣುತ್ತಿದ್ದಿತು, ಕಂಡದ್ದನ್ನು ಮುಟ್ಟಬಹುದಾಗಿದ್ದಿತು, ಮುಟ್ಟಿದರೆ ಅದರ ವೇಗವನ್ನೇ ಬದಲಾಯಿಸಬಹುದಾಗಿದ್ದಿತು. ಈ ಕೊನೆಯ ಸಾಹಸಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು.

ಎಸ್.ಪಿ. ರಸ್ತೆಯಿಂದ ಕೋಟೆಯ ಊರಿಗೆ

ಬೆಂಗಳೂರಿನ ಪುರಭವನದ ಆಸುಪಾಸಿನಲ್ಲಿ ಸಾದರ ಪತ್ರಪ್ಪ ರಸ್ತೆ ಇದೆ. ಜನರ ಬಾಯಲ್ಲಿ ಅದು ಎಸ್.ಪಿ. ರಸ್ತೆ. ತಿರುಪು, ತಂತಿ, ಮೋಟಾರು ಮಾರುತ್ತಿದ್ದ ಆ ಇಕ್ಕಟ್ಟಾದ ಬೀದಿ ಕ್ರಮೇಣ ಕಂಪ್ಯೂಟರಿನ ಬಿಡಿಭಾಗಗಳ ಸಂತೆಯಾಯಿತು. 1984ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ಕಂಪ್ಯೂಟರ್ ನೀತಿಯನ್ನು ಸಾರಿ ಆಮದಿನ ಕಟ್ಟುಗಳನ್ನು ಸಡಿಲಿಸಿದ್ದು, 1991ರಲ್ಲಿ ಆರ್ಥಿಕ ಉದಾರೀಕರಣ ಬಂದದ್ದು, ಇವೆರಡರ ಫಲವಾಗಿ ತೈವಾನಿನ ಬೋರ್ಡುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬಂದು ಆ ಅಂಗಡಿಗಳಲ್ಲಿ ಮಾಡಿನವರೆಗೆ ಏರಿ ನಿಂತುವು.

ದೊಡ್ಡ ಹೆಸರಿನ ಕಂಪನಿಯ ಕಂಪ್ಯೂಟರನ್ನು ಕೊಳ್ಳಲು ಎಲ್ಲರಿಗೂ ಶಕ್ತಿಯಿರಲಿಲ್ಲ. ಬಿಡಿಭಾಗ ತಂದು ಜೋಡಿಸಿದ ‘ಅಸೆಂಬಲ್ಡ್’ ಯಂತ್ರಕ್ಕೇ ಆಗ ನಲವತ್ತು ಸಾವಿರ ರೂಪಾಯಿಯ ಹೆಚ್ಚುಕಡಮೆ. ಮಾಸ್ತರರೊಬ್ಬರ ಹಲವು ತಿಂಗಳ ಸಂಬಳ ಅದು. ಅನೇಕ ಮನೆಗಳಲ್ಲಿ ಭವಿಷ್ಯನಿಧಿಯಿಂದಲೋ ಸೊಸೈಟಿಯಿಂದಲೋ ಸಾಲ ಎತ್ತದೆ ಕಂಪ್ಯೂಟರ್ ಬಂದದ್ದಿಲ್ಲ. “ಮಗನ ಓದಿಗೆ” ಎಂಬುದು ಹೊರಗೆ ಹೇಳುವ ಕಾರಣ. ಮಗನ ಮನಸ್ಸಿನಲ್ಲಿ ಬೇರೆ ಕಾರಣಗಳೂ ಇರುತ್ತಿದ್ದುವು ಎಂಬುದನ್ನು ತಂದೆಯರು ಬಲ್ಲದೆ ಇರಲಿಲ್ಲ.

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರು. ದಾಬಸ್‌ಪೇಟೆ, ತುಮಕೂರು, ಶಿರಾ, ಹಿರಿಯೂರು, ಆಮೇಲೆ ದುರ್ಗ. ಇಂದು 48 ಎಂದು ಸಂಖ್ಯೆ ಪಡೆದಿರುವ ಆಗಿನ 4ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಇನ್ನೂ ಚತುಷ್ಪಥವಾಗದ ದಿನಗಳಲ್ಲಿ, ಎದುರು ಲಾರಿಗಳಿಗೆ ದಾರಿ ಬಿಡುತ್ತ ಬಸ್ಸು ಸಾಗುತ್ತಿದ್ದಿತು. ಮಾನಿಟರನ್ನು ಬಸ್ಸಿನ ಹಿಂಬದಿಯ ಸೀಟಿಗೆ ಒರಗಿಸಬಹುದು. ಮದರ್‌ಬೋರ್ಡನ್ನು ಮಾತ್ರ ತೊಡೆಯ ಮೇಲೆಯೇ ಇಟ್ಟುಕೊಂಡು ಬರಬೇಕು. ಕುಲುಕಿ ಎಲ್ಲಿಯಾದರೂ ಕೂದಲೆಳೆಯಷ್ಟು ಗೆರೆ ಬಿಟ್ಟರೆ ಹಣವೆಲ್ಲ ನೀರುಪಾಲು. ಹಿರಿಯೂರಿನವರು ಹೆದ್ದಾರಿಯಲ್ಲೇ ಇಳಿದು ಮನೆ ಸೇರಬಹುದಾಗಿದ್ದಿತು. ಹೊಸದುರ್ಗ, ಹೊಳಲ್ಕೆರೆಗಳು ಹೆದ್ದಾರಿಯಿಂದ ಒಳಗಿನ ಊರುಗಳು. ಅಲ್ಲಿಯವರಿಗೆ ಯಂತ್ರ ಕೆಟ್ಟರೆ ದುರ್ಗಕ್ಕೆ ಹೋಗಿ ಬರುವ ಒಂದು ದಿನ ಖರ್ಚು. ಅಲ್ಲಿಯೂ ಭಾಗ ಸಿಕ್ಕದಿದ್ದರೆ ಬೆಂಗಳೂರಿನ ಹಾದಿ. ಒಂದು ತಪ್ಪು ಹೆಜ್ಜೆಯ ಬೆಲೆ ಊರಿನಿಂದ ಊರಿಗೆ ಹೀಗೆ ಬೆಳೆಯುತ್ತಿದ್ದಿತು. ಈ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಮುಂದೆ ಹೇಳುವ ಸಾಹಸದ ತೂಕ ತಿಳಿದೀತು.

ತಾಳ ಹಾಕುವ ಹರಳು

ಓವರ್‌ಕ್ಲಾಕಿಂಗ್ ಎಂದರೇನೆಂದು ತಿಳಿಯಲು ಭಜನೆಯ ಮೇಳವನ್ನು ನೆನೆದರೆ ಸಾಕು. ತಾಳ ಹಾಕುವವನೊಬ್ಬ, ಹಾರ್ಮೋನಿಯಂ, ತಬಲ, ಹಾಡುವ ಕಂಠಗಳು ಎಲ್ಲವೂ ಅವನ ಪೆಟ್ಟನ್ನು ಕಾಯುತ್ತವೆ. ಮದರ್‌ಬೋರ್ಡಿನ ಮೇಲೆ ತಾಳ ಹಾಕುವುದು ಒಂದು ಚೂರು ಕ್ವಾರ್ಟ್ಸ್ ಹರಳು, ಎಂದರೆ ನಮ್ಮ ಬೆಣಚುಕಲ್ಲಿನ ಜಾತಿಯದೇ. ವಿದ್ಯುತ್ತಿನ ಸ್ಪರ್ಶವಾದಾಗ ಅದು ನಿಯತವಾಗಿ ಕಂಪಿಸುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಪೆಟ್ಟು ಬಿದ್ದರೆ ಒಂದು ಮೆಗಾಹರ್ಟ್ಸ್. ತಾಳ ಬಿರುಸಾದರೆ ಮೇಳವೂ ಬಿರುಸಾಗುತ್ತದೆ. ಆದರೆ ಒಂದು ಎಲ್ಲೆ ಮೀರಿದರೆ ಯಾವನೋ ಒಬ್ಬ ಹಿಂದೆ ಬೀಳುತ್ತಾನೆ, ಅಪಸ್ವರವಾಗುತ್ತದೆ. ಕಂಪ್ಯೂಟರಿನ ಅಪಸ್ವರಕ್ಕೆ ಆ ಕಾಲದವರು ಇಟ್ಟ ಹೆಸರು ‘ಹ್ಯಾಂಗ್’.

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ಹೊರತಂದ ಪಿ.ಸಿ.ಯ ವೇಗ 4.77 ಮೆಗಾಹರ್ಟ್ಸ್. ಈ ವಿಚಿತ್ರ ಸಂಖ್ಯೆ ಬಂದದ್ದು ಹೇಗೆ? ಅಮೆರಿಕದ ಬಣ್ಣದ ಟೆಲಿವಿಷನ್ನಿನ ಸಂಕೇತಕ್ಕೆ ಹೊಂದುವ 14.318 ಮೆಗಾಹರ್ಟ್ಸಿನ ಹರಳನ್ನು ಹಾಕಿ, ಅದರ ಮೂರನೆಯ ಒಂದು ಪಾಲನ್ನು ಪ್ರೊಸೆಸರಿಗೆ ಕೊಟ್ಟರು. ಒಂದೇ ಹರಳಿನಲ್ಲಿ ಎರಡು ಕೆಲಸವಾಯಿತು. 1984ರಲ್ಲಿ ಬಂದ ಅದೇ ಸಂಸ್ಥೆಯ ‘ಎ.ಟಿ.’ ಯಂತ್ರದಲ್ಲಿ 12 ಮೆಗಾಹರ್ಟ್ಸಿನ ಹರಳು ಅರ್ಧವಾಗಿ 6 ಆಗುತ್ತಿದ್ದಿತು. ಆ ಹರಳನ್ನು ಬೆಸುಗೆ ಹಾಕದೆ ಕುಳಿಯಲ್ಲಿ ಸಿಕ್ಕಿಸಿದ್ದರು. ಚತುರರು ಅದನ್ನು ಕಿತ್ತು 16ರ ಹರಳನ್ನು ಸಿಕ್ಕಿಸಿದರು. ಯಂತ್ರ 8ರಲ್ಲಿ ನಿರಾತಂಕವಾಗಿ ಓಡಿತು. ಕೊಂಡವರ ಈ ಜಾಣ್ಮೆ ಕಂಪನಿಗೆ ರುಚಿಸಲಿಲ್ಲವೆಂದು ತೋರುತ್ತದೆ. ಮುಂದಿನ ಯಂತ್ರಗಳು ಆರಂಭದಲ್ಲಿಯೇ ತಮ್ಮ ವೇಗವನ್ನು ತಾವೇ ಪರೀಕ್ಷಿಸಿ, ಹೆಚ್ಚಾಗಿದ್ದರೆ ಕೆಲಸವನ್ನೇ ಆರಂಭಿಸದಂತೆ ಏರ್ಪಾಡಾಯಿತು. ಕೊಂಡವನಿಗೂ ಕಟ್ಟಿದವನಿಗೂ ನಡೆದ ಈ ಹಗ್ಗಜಗ್ಗಾಟ ಅಲ್ಲಿಂದ ಮುಂದೆ ನಿಂತದ್ದೇ ಇಲ್ಲ.

ಹಳೆಯ ಪೆಟ್ಟಿಗೆಗಳ ಮುಂಭಾಗದಲ್ಲಿದ್ದ ‘ಟರ್ಬೋ’ ಗುಂಡಿಯನ್ನು ಮರೆಯದವರಿದ್ದಾರೆ. ಅದನ್ನೊತ್ತಿದರೆ ಯಂತ್ರ ಮೈಕೊಡವಿಕೊಂಡು ಓಡುತ್ತದೆಂದು ನಂಬಿ ಒತ್ತಿದವರೇ ಎಲ್ಲರೂ. ನಿಜವೆಂದರೆ ಆ ಗುಂಡಿ ಇದ್ದದ್ದು ಯಂತ್ರವನ್ನು ನಿಧಾನಗೊಳಿಸುವುದಕ್ಕೆ! 4.77ರ ವೇಗಕ್ಕೆಂದು ಬರೆದ ಹಳೆಯ ಆಟಗಳು ಹೊಸ ಯಂತ್ರದಲ್ಲಿ ಆಡಲು ಬಾರದಷ್ಟು ವೇಗವಾಗಿ ನಡೆದುಬಿಡುತ್ತಿದ್ದುವು. ಅವಕ್ಕಾಗಿ ಮಾಡಿದ ತಡೆ ಅದು. ಗುಂಡಿಯ ಪಕ್ಕದಲ್ಲಿ ಕೆಂಪಗೆ, ಹಸಿರಾಗಿ ಹೊಳೆಯುತ್ತಿದ್ದ 33, 66 ಎಂಬ ಅಂಕಿಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಅವು ಯಾವುದನ್ನೂ ಅಳೆಯುತ್ತಿರಲಿಲ್ಲ. ಜೋಡಿಸಿದವನು ಹಿಂಬದಿಯಲ್ಲಿ ಕಡ್ಡಿ ಜೋಡಿಸಿ ಯಾವ ಅಂಕಿ ಮೂಡಿಸಿದನೋ ಅದೇ ಮೂಡುತ್ತಿದ್ದಿತು.

ಪೆಂಟಿಯಂ 1993ರಲ್ಲಿ ಬಂದಿತು. ಅದರ ಕಾಲಕ್ಕೆ ವೇಗದ ಲೆಕ್ಕ ಎರಡು ಮೆಟ್ಟಿಲಿನದಾಗಿದ್ದಿತು. ಬೋರ್ಡಿನ ತಾಳ 66. ಪ್ರೊಸೆಸರ್ ಅದನ್ನು ಎರಡರಿಂದ ಗುಣಿಸಿಕೊಂಡರೆ 133, ಎರಡೂವರೆಯಿಂದಾದರೆ 166, ಮೂರರಿಂದಾದರೆ 200. ಎಷ್ಟರಿಂದ ಗುಣಿಸಬೇಕೆಂಬುದನ್ನು ಹೇಳುವುದು ‘ಜಂಪರ್’. ಅಕ್ಕಿಕಾಳಿಗಿಂತ ತುಸು ದಪ್ಪನಾದ ಒಂದು ಪ್ಲಾಸ್ಟಿಕ್ ಟೊಪ್ಪಿಗೆ, ಒಳಗೆ ಲೋಹದ ತಗಡು. ಅದನ್ನು ಎರಡು ಸೂಜಿಗಳ ಮೇಲಿಟ್ಟರೆ ಒಂದು ವೇಗ, ಪಕ್ಕದ ಎರಡಕ್ಕೆ ಸರಿಸಿದರೆ ಇನ್ನೊಂದು. ಯಾವ ಜೋಡಿಗೆ ಯಾವ ವೇಗವೆಂಬ ಕೋಷ್ಟಕವನ್ನು ಬೋರ್ಡಿನ ಜೊತೆ ಬಂದ ಕಿರುಪುಸ್ತಕದಲ್ಲಿ, ಕೆಲವೊಮ್ಮೆ ಬೋರ್ಡಿನ ಮೈಮೇಲೆಯೇ ಬಿಳಿಯ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಿದ್ದರು. ಇದಕ್ಕೆ ಬೇಕಾದ ಉಪಕರಣ? ಅಕ್ಕನ ಪೆಟ್ಟಿಗೆಯಿಂದ ಹೇಳದೆ ತಂದ, ಹುಬ್ಬು ಕೀಳುವ ಚಿಮಟ.

ಜಂಪರನ್ನು ಸರಿಸಿ, ಪೆಟ್ಟಿಗೆಯನ್ನು ಮುಚ್ಚದೆ, ಸ್ವಿಚ್ಚು ಹಾಕಿ ಕಾಯುವ ಆ ಮೂರು ನಾಲ್ಕು ಸೆಕೆಂಡುಗಳನ್ನು ಅನುಭವಿಸಿದವರು ಇಂದಿಗೂ ಮರೆತಿಲ್ಲ. ಫ್ಯಾನು ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಅಡುಗೆಮನೆಯಿಂದ ತಂದೆಯ ಕೆಮ್ಮು ಕೇಳಿಸುತ್ತದೆ. ಆಮೇಲೆ ‘ಬೀಪ್’ ಎಂಬ ಒಂದೇ ಒಂದು ಸದ್ದು. ಪರದೆಯ ಮೇಲೆ ಮೆಮೊರಿಯ ಎಣಿಕೆ ಸರಸರನೆ ಏರತೊಡಗಿ, ಮೇಲ್ಗಡೆ ನಿನ್ನೆ ಇಲ್ಲದಿದ್ದ ಸಂಖ್ಯೆಯೊಂದು ಮೂಡುತ್ತದೆ. ಸದ್ದು ಬಾರದೆ ಹೋದರೆ ಜಂಪರನ್ನು ಮೊದಲಿನ ಜಾಗಕ್ಕೆ ಸರಿಸಿ ದೇವರನ್ನು ನೆನೆಯಬೇಕು.

149 ಡಾಲರಿನ ಅದೃಷ್ಟ

ಈ ಇತಿಹಾಸದಲ್ಲಿ ಒಂದು ದಿನಕ್ಕೆ ವಿಶೇಷ ಸ್ಥಾನವಿದೆ. 1998ರ ಆಗಸ್ಟ್ 24ರಂದು ಇಂಟೆಲ್ ಸಂಸ್ಥೆ ಎರಡು ಬಗೆಯ ಪ್ರೊಸೆಸರುಗಳನ್ನು ಒಟ್ಟಿಗೆ ಬಿಡುಗಡೆ ಮಾಡಿತು. ಸಿರಿವಂತರಿಗೆ 450 ಮೆಗಾಹರ್ಟ್ಸಿನ ಪೆಂಟಿಯಂ-2. ಸಗಟು ಬೆಲೆ 669 ಡಾಲರು. ಬಡವರಿಗೆ 300 ಮೆಗಾಹರ್ಟ್ಸಿನ ಸೆಲೆರಾನ್ 300-ಎ. ಬೆಲೆ 149 ಡಾಲರು. ಆಗಿನ ವಿನಿಮಯದಲ್ಲಿ ಇವೆರಡರ ಅಂತರ ಇಪ್ಪತ್ತು ಸಾವಿರ ರೂಪಾಯಿಗೂ ಮಿಗಿಲು.

ಜನ ಗುಣಕಸಂಖ್ಯೆಯನ್ನು ಬದಲಾಯಿಸುವುದನ್ನು ತಡೆಯಲು ಕಂಪನಿ ಅಷ್ಟು ಹೊತ್ತಿಗಾಗಲೆ ಅದಕ್ಕೆ ಬೀಗ ಹಾಕಿದ್ದಿತು. ಸೆಲೆರಾನಿನದು ನಾಲ್ಕೂವರೆ ಎಂದು ಸ್ಥಿರ. 66ನ್ನು ನಾಲ್ಕೂವರೆಯಿಂದ ಗುಣಿಸಿದರೆ 300. ಆದರೆ ಬೋರ್ಡಿನ ತಾಳಕ್ಕೆ ಬೀಗ ಇರಲಿಲ್ಲ. ಅದೇ ವರ್ಷ ಬಂದ ‘440 ಬಿ.ಎಕ್ಸ್.’ ಚಿಪ್ಪಿನ ಬೋರ್ಡುಗಳು ನೂರರ ತಾಳವನ್ನು ಹಾಕಬಲ್ಲವಾಗಿದ್ದುವು. ನೂರನ್ನು ನಾಲ್ಕೂವರೆಯಿಂದ ಗುಣಿಸಿದರೆ? ಎಂಟನೆಯ ತರಗತಿಯ ಹುಡುಗನೂ ಹೇಳಬಲ್ಲ: 450.

ಸೆಲೆರಾನ್ ಈ ವೇಗವನ್ನು ತಾಳಿಕೊಂಡೀತೆ? ಆಶ್ಚರ್ಯವೆಂದರೆ ಬಹುಪಾಲು ತಾಳಿಕೊಂಡುವು. ಅದರ ಹೊಟ್ಟೆಯೊಳಗೇ ಸೇರಿಸಿದ್ದ 128 ಕಿಲೋಬೈಟಿನ ಪುಟ್ಟ ಉಗ್ರಾಣ, ಪ್ರೊಸೆಸರಿನಷ್ಟೇ ವೇಗದಲ್ಲಿ ಓಡುತ್ತಿದ್ದುದರಿಂದ, ಹಲವು ಕೆಲಸಗಳಲ್ಲಿ ಅದು ನಾಲ್ಕೂವರೆ ಪಟ್ಟಿನ ಹತ್ತಿರದ ಬೆಲೆಯ ಅಣ್ಣನಿಗೆ ಹೆಗಲೆಣೆಯಾಗಿ ನಿಂತಿತು. ತೈವಾನಿನ ಎಬಿಟ್ ಎಂಬ ಸಂಸ್ಥೆಯ ‘ಬಿ.ಎಚ್.6’ ಬೋರ್ಡಿನಲ್ಲಿ ಚಿಮಟದ ಅಗತ್ಯವೂ ಇರಲಿಲ್ಲ. ಪರದೆಯ ಮೇಲಿನ ಪಟ್ಟಿಯಿಂದಲೇ ವೇಗವನ್ನೂ ವೋಲ್ಟೇಜನ್ನೂ ಆರಿಸಬಹುದಾಗಿದ್ದಿತು. ಆ ಸೌಕರ್ಯವಿಲ್ಲದ ಬೋರ್ಡಿನವರು ಪ್ರೊಸೆಸರಿನ ಅಂಚಿನ ಒಂದು ಸಂಪರ್ಕಬಿಂದುವಿಗೆ ಚೂರು ಟೇಪು ಅಂಟಿಸಿ ಬೋರ್ಡನ್ನೇ ನಂಬಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. 66ರಿಂದ 83ಕ್ಕೆ ಏರಿಸಿದವರಿಗಿಂತ ಒಮ್ಮೆಲೇ 100ಕ್ಕೆ ಏರಿಸಿದವರೇ ಸುರಕ್ಷಿತರಾಗಿದ್ದರು. ಹಾರ್ಡ್ ಡಿಸ್ಕು ಮೊದಲಾದವನ್ನು ನಡೆಸುವ ಪಿ.ಸಿ.ಐ. ಎಂಬ ಹಾದಿಗೆ 33ರ ತಾಳವೇ ಹಿತ. 66ರ ಅರ್ಧ 33. 100ರ ಮೂರನೆಯ ಒಂದು ಪಾಲೂ 33. 83ರ ಅರ್ಧವಾದರೋ 41 ಮೀರುತ್ತದೆ. ಆ ಬಿರುಸಿಗೆ ಹಾರ್ಡ್ ಡಿಸ್ಕು ತಪ್ಪು ಬರೆಯತೊಡಗಿ, ಒಂದು ಬೆಳಿಗ್ಗೆ ನೋಡಿದರೆ ಎಲ್ಲವೂ ಕಲಸುಮೇಲೋಗರ. ಮದುವೆಯ ಕರೆಯೋಲೆ, ಪ್ರಶ್ನೆಪತ್ರಿಕೆ, ಸಹಕಾರ ಸಂಘದ ವರದಿಗಳನ್ನು ಬೆರಳಚ್ಚು ಮಾಡಿ ಹೊಟ್ಟೆ ಹೊರೆಯುತ್ತಿದ್ದ ಡಿ.ಟಿ.ಪಿ. ಅಂಗಡಿಯವನ ಪಾಲಿಗೆ ಅದು ಎಂಥ ಬೆಳಿಗ್ಗೆಯೆಂದು ಹೇಳಬೇಕಾಗಿಲ್ಲ. ಹೆಚ್ಚು ಏರಿಸುವುದು ಹೆಚ್ಚು ಅಪಾಯವೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗಿದ್ದಿತು. ಭಾಗಾಕಾರ ಬಲ್ಲವನು ಉಳಿದುಕೊಂಡ.

1998 ಕನ್ನಡದ ಪಾಲಿಗೂ ನೆನಪಿಡಬೇಕಾದ ವರ್ಷ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಹೊರಬಂದದ್ದು ಆ ವರ್ಷವೇ. ಕನ್ನಡ ಟೈಪು ಮಾಡಲು ನಾನೂರೈವತ್ತು ಮೆಗಾಹರ್ಟ್ಸ್ ಖಂಡಿತ ಬೇಕಿರಲಿಲ್ಲ. ಬಣ್ಣದ ಚಿತ್ರಗಳ ಪುಟ ಜೋಡಿಸುವವರಿಗೆ ಬೇಕಿದ್ದಿತು. ಆಟ ಆಡುವ ಹುಡುಗರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದಿತು.

2000ದಲ್ಲಿ ಎ.ಎಂ.ಡಿ. ಸಂಸ್ಥೆಯ ಡ್ಯುರಾನ್ ಮತ್ತು ಹೊಸ ಅಥ್ಲಾನ್ ಪ್ರೊಸೆಸರುಗಳು ಬಂದಾಗ ಉಪಕರಣ ಇನ್ನೂ ಅಗ್ಗವಾಯಿತು. ಅವುಗಳ ಬೆನ್ನ ಮೇಲಿದ್ದ ‘ಎಲ್-1’ ಎಂಬ ಸಣ್ಣ ಸೇತುವೆಗಳನ್ನು ಕಾರ್ಖಾನೆಯಲ್ಲಿ ಕಡಿದು ಬೀಗ ಹಾಕಿರುತ್ತಿದ್ದರು. ಸೀಸದ ಕಡ್ಡಿಯೆಂದು ಕರೆದರೂ ಪೆನ್ಸಿಲಿನಲ್ಲಿರುವುದು ಗ್ರಾಫೈಟ್; ಅದರಲ್ಲಿ ವಿದ್ಯುತ್ ಹರಿಯುತ್ತದೆ. ಮೊನೆ ಚೂಪು ಮಾಡಿದ ನಟರಾಜ ಪೆನ್ಸಿಲಿನಿಂದ ಆ ಬಿಂದುಗಳ ನಡುವೆ ಗೆರೆ ಎಳೆದರೆ ಸೇತುವೆ ಮತ್ತೆ ಕೂಡಿಕೊಂಡು ಬೀಗ ಬಿಚ್ಚುತ್ತಿದ್ದಿತು! ಬೇಡವೆಂದರೆ ಒರೆಸಿದರಾಯಿತು.

ಮಾರಿಕಣಿವೆಯ ಲೆಕ್ಕ

ಮುನ್ನೂರು ಎಂದು ಮುದ್ರೆಯೊತ್ತಿದ ವಸ್ತು ನಾನೂರೈವತ್ತಕ್ಕೆ ಓಡುವುದಾದರೆ ಕಂಪನಿ ಹಾಗೇಕೆ ಮಾರಿತು ಎಂದು ವಾಚಕರು ಕೇಳಬಹುದು. ಉತ್ತರಕ್ಕೆ ಹಿರಿಯೂರಿನ ಬಳಿಯ ಮಾರಿಕಣಿವೆಗೆ ಹೋಗಬಹುದು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷ ಅಣೆಕಟ್ಟು ತಾನು ಹೊರಬಲ್ಲುದಕ್ಕಿಂತ ಕಡಮೆ ನೀರನ್ನೇ ಹೊತ್ತು ನಿಂತಿದ್ದಿತು. ಕಟ್ಟುವವರು ಅತಿ ಕೆಟ್ಟ ದಿನವನ್ನು ಎಣಿಸಿ ಕಟ್ಟುತ್ತಾರೆ. ಪ್ರೊಸೆಸರೂ ಹಾಗೆಯೇ. ಧೂಳು ತುಂಬಿದ ಪೆಟ್ಟಿಗೆಯಲ್ಲಿ, ಸೆಕೆಯ ಕೋಣೆಯಲ್ಲಿ, ಹತ್ತು ವರ್ಷ ತಪ್ಪಿಲ್ಲದೆ ಓಡಬೇಕೆಂದು ಕಂಪನಿ ಮುದ್ರೆಯೊತ್ತುತ್ತದೆ. ಜೊತೆಗೆ ವ್ಯಾಪಾರದ ಗುಟ್ಟೂ ಒಂದುಂಟು: ತಯಾರಿಕೆ ಸುಧಾರಿಸಿ ಒಳ್ಳೆಯ ಚಿಪ್ಪುಗಳೇ ಹೆಚ್ಚು ಬಂದರೂ ಅಗ್ಗದ ಮಾಲಿಗೆ ಗಿರಾಕಿಗಳು ಇದ್ದೇ ಇರುತ್ತಾರೆ, ಆಗ ಒಳ್ಳೆಯದಕ್ಕೇ ಅಗ್ಗದ ಮುದ್ರೆ ಬೀಳುತ್ತದೆ. ಈ ಮುದ್ರೆಗೂ ನಿಜವಾದ ಶಕ್ತಿಗೂ ನಡುವೆ ಉಳಿದ ಅಂತರವನ್ನು ಹುಡುಕಿ ಬಳಸಿಕೊಳ್ಳುವುದೇ ಓವರ್‌ಕ್ಲಾಕಿಂಗ್. ತೆಂಗಿನಕಾಯಿಯನ್ನು ತುರಿದ ಮೇಲೆ ಚಿಪ್ಪಿನಲ್ಲಿ ಉಳಿದದ್ದನ್ನೂ ಕೆರೆಯುವ ನಮ್ಮ ತಾಯಂದಿರಿಗೆ ಈ ಮನೋಧರ್ಮವನ್ನು ವಿವರಿಸಬೇಕಾಗಿಲ್ಲ.

ಆದರೆ ದುರ್ಗದ ಸೀಮೆಯಲ್ಲಿ ಆ ಅಂತರ ತುಸು ಕಿರಿದು. ವೇಗ ಹೆಚ್ಚಿದಂತೆ ಶಾಖ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ವೋಲ್ಟೇಜನ್ನು ಏರಿಸಿದರೆ ಅದರ ವರ್ಗದ ಪ್ರಮಾಣದಲ್ಲಿ. ಎರಡು ವೋಲ್ಟಿನ ಸೆಲೆರಾನಿಗೆ 2.2 ವೋಲ್ಟು ಕೊಟ್ಟು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಶಾಖ ನೂರಕ್ಕೆ ಎಂಬತ್ತರಷ್ಟು ಹೆಚ್ಚಿದಂತಾಯಿತು. ಕೋಣೆಯ ಗಾಳಿ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹತ್ತು ಡಿಗ್ರಿ ಏರುತ್ತದೆ. ಆದ್ದರಿಂದ ಸಂಕ್ರಾಂತಿಯ ಚಳಿಯಲ್ಲಿ ಎದೆತಟ್ಟಿ ಓಡಿದ ಯಂತ್ರ ಯುಗಾದಿಯ ಹೊತ್ತಿಗೆ ಹಿರಿಯೂರಿನ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಹ್ಯಾಂಗ್ ಆಗುತ್ತಿದ್ದರೆ ಅದರಲ್ಲಿ ದೆವ್ವದ ಕೈವಾಡವೇನೂ ಇರಲಿಲ್ಲ. ಪೆಟ್ಟಿಗೆಯ ಪಕ್ಕದ ತಗಡನ್ನು ಕಳಚಿ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ, ತಾನು ಬೆವರುತ್ತ ಕುಳಿತ ಹುಡುಗ ಆ ಕಾಲದ ಒಂದು ಚಿತ್ರ. ತೆರೆದ ಪೆಟ್ಟಿಗೆಯೊಳಕ್ಕೆ ಕೆಂಪು ಧೂಳೂ ಹಲ್ಲಿಯೂ ಹೋಗುತ್ತಿದ್ದುದು ಬೇರೆ ಮಾತು. ಕರೆಂಟಿನ ಕಥೆಯಂತೂ ಬರೆದು ಮುಗಿಯದು. ವೋಲ್ಟೇಜು ಏರಿಳಿದಾಗ ಸ್ಟೆಬಿಲೈಸರು ಟಕಟಕ ಎನ್ನುವುದು, ಲೋಡ್ ಶೆಡ್ಡಿಂಗಿನ ಹೊತ್ತಿಗೆ ಯು.ಪಿ.ಎಸ್. ಕೂಗಿಕೊಳ್ಳುವುದು, ಅದರ ಬ್ಯಾಟರಿ ಮುಗಿಯುವುದರೊಳಗೆ ಕಡತವನ್ನು ಉಳಿಸಲು ಧಾವಿಸುವುದು. ಇದೇ ಕಾರಣದಿಂದ ಅನೇಕ ತಂದೆಯರು “ಒರಿಜಿನಲ್ ಇಂಟೆಲ್ ಬೋರ್ಡೇ ಇರಲಿ” ಎಂದು ಹಟ ಹಿಡಿಯುತ್ತಿದ್ದರು. ಆ ಬೋರ್ಡುಗಳಲ್ಲಿ ವೇಗ ಏರಿಸುವ ಸೌಕರ್ಯ ಬಹುಮಟ್ಟಿಗೆ ಇರುತ್ತಿರಲಿಲ್ಲ. ತಂದೆಗೆ ನೆಮ್ಮದಿ, ಮಗನಿಗೆ ನಿರಾಶೆ.

ಈ ಕಲೆಗೆ ಒಂದು ಕರಾಳ ಮುಖವೂ ಇದ್ದಿತು. 133ರ ಪ್ರೊಸೆಸರಿನ ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿ 166 ಎಂದು ಅಚ್ಚು ಹಾಕಿ ಮಾರುವ ದಂಧೆ 1990ರ ದಶಕದಲ್ಲಿ ಪ್ರಪಂಚದ ಅನೇಕ ಕಡೆ ನಡೆಯಿತು. ಕೊಂಡವನಿಗೆ ತಾನು ಓವರ್‌ಕ್ಲಾಕ್ ಮಾಡುತ್ತಿರುವುದೇ ತಿಳಿಯದು! ಕಂಪನಿಗಳು ಗುಣಕಕ್ಕೆ ಬೀಗ ಹಾಕಿದ್ದಕ್ಕೆ ಈ ದಂಧೆಯೂ ಒಂದು ಕಾರಣ. ಕೆಲಸ ಒಂದೇ; ತನ್ನ ಯಂತ್ರದ ಮೇಲೆ ತಿಳಿದು ಮಾಡಿದರೆ ಸಾಹಸ, ಪರರ ಯಂತ್ರದ ಮೇಲೆ ತಿಳಿಸದೆ ಮಾಡಿದರೆ ಕಳ್ಳತನ.

ಅತ್ತ ಸರ್ಕಾರದ ಕಂಪ್ಯೂಟರೂ ಇದೇ ಕಾಲಕ್ಕೆ ಈ ಊರುಗಳಿಗೆ ಬಂದಿತು. 2001ರ ಸುಮಾರಿಗೆ ‘ಭೂಮಿ’ ಯೋಜನೆಯಡಿ ತಾಲ್ಲೂಕು ಕಚೇರಿಗಳಲ್ಲಿ ಪಹಣಿಯನ್ನು ಗಣಕೀಕರಿಸಿ ಹದಿನೈದು ರೂಪಾಯಿಗೆ ಪ್ರತಿ ಕೊಡತೊಡಗಿದಾಗ, ಹೊಸದುರ್ಗ, ಹೊಳಲ್ಕೆರೆಗಳ ಎಷ್ಟೋ ರೈತರು ಮೊದಲ ಬಾರಿಗೆ ಕಂಪ್ಯೂಟರನ್ನು ಕಂಡರು. ಕಿಟಕಿಯಾಚೆಯ ಯಂತ್ರ ಅದು. ಅದರೊಳಗೇನಿದೆಯೆಂದು ಕೇಳುವ ಹಾಗಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಮುಂದೆ ಬಹುಜನರ ಪಾಲಿಗೆ ಕಂಪ್ಯೂಟರೆಂಬುದು ಹಾಗೆಯೇ ಉಳಿಯಿತು.

ಬಾಗಿಲು ಮುಚ್ಚಿದ ಬಗೆ

ಬಾಗಿಲು ಒಂದೇ ದಿನ ಮುಚ್ಚಲಿಲ್ಲ. 2000ದ ದಶಕದ ಆರಂಭದಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರುಗಳು ಜಗತ್ತಿನಾದ್ಯಂತ ಬೋರ್ಡುಗಳ ಮೇಲೆ ಉಬ್ಬಿ ಸೋರಿದುವು. ತಪ್ಪು ಮಾಡದವರ ಯಂತ್ರಗಳೂ ಸತ್ತುವು. ಬೆಸುಗೆಕಡ್ಡಿ ಹಿಡಿದು ಹತ್ತಿಪ್ಪತ್ತು ರೂಪಾಯಿಯ ಹೊಸ ಕೆಪಾಸಿಟರು ಕೂರಿಸಿ ಅವನ್ನು ಬದುಕಿಸಬಲ್ಲವರು ಆಗ ಸಣ್ಣ ಊರುಗಳಲ್ಲಿಯೂ ಇದ್ದರು. ಓವರ್‌ಕ್ಲಾಕಿಂಗಿನ ಕಣ್ಮಣಿಯಾಗಿದ್ದ ಎಬಿಟ್ 2008ರ ಕೊನೆಗೆ ಅಂಗಡಿ ಮುಚ್ಚಿತು. ಅದೇ ವರ್ಷ ಇಂಟೆಲಿನ ಹೊಸ ಪ್ರೊಸೆಸರುಗಳು ತಮ್ಮ ಶಾಖವನ್ನು ತಾವೇ ಅಳೆದುಕೊಂಡು, ಅವಕಾಶವಿದ್ದಾಗ ತಾವೇ ವೇಗ ಹೆಚ್ಚಿಸಿಕೊಳ್ಳುವ ವಿದ್ಯೆಯನ್ನು ಕಲಿತು ಬಂದುವು. ಚಿಮಟದ ಹುಡುಗ ಮಾಡುತ್ತಿದ್ದುದನ್ನು ಚಿಪ್ಪೇ ಮಾಡತೊಡಗಿದ ಮೇಲೆ ಹುಡುಗನಿಗೇನು ಕೆಲಸ? 2013ರ ಜನವರಿಯಲ್ಲಿ ಇಂಟೆಲ್ ಮೇಜಿನ ಕಂಪ್ಯೂಟರಿನ ಬೋರ್ಡುಗಳ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಸಾರಿತು. ಓವರ್‌ಕ್ಲಾಕಿಂಗ್ ಈಗಲೂ ಉಂಟು. 2022ರ ಡಿಸೆಂಬರಿನಲ್ಲಿ ದ್ರವ ಹೀಲಿಯಂ ಸುರಿದು ಪ್ರೊಸೆಸರೊಂದನ್ನು 9 ಗಿಗಾಹರ್ಟ್ಸ್ ದಾಟಿಸಿದ ಸುದ್ದಿ ಬಂದಿತು. ಅದು ಮಲ್ಲಕಂಬದ ಪ್ರದರ್ಶನ. ಇಪ್ಪತ್ತು ಸಾವಿರ ರೂಪಾಯಿ ಉಳಿಸಿದ ಮನೆಯ ಹುಡುಗನ ಸಾಹಸಕ್ಕೂ ಇದಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಉಳಿದ ಬೋರ್ಡುಗಳು ಎಲ್ಲಿಗೆ ಹೋಗುತ್ತಿವೆ? ಬಂದ ಹಾದಿಯಲ್ಲಿಯೇ ಹಿಂದಿರುಗುತ್ತಿವೆ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಆರಂಭವಾದ ‘ಇ-ಪರಿಸರ’ ಸಂಸ್ಥೆ ಇಂಥ ತ್ಯಾಜ್ಯವನ್ನು ವಿಧಿವತ್ತಾಗಿ ಬಿಡಿಸಿ ಲೋಹ ಬೇರ್ಪಡಿಸುವ ಕೆಲಸದಲ್ಲಿ ದೇಶಕ್ಕೇ ಮೊದಲಿಗರಲ್ಲಿ ಒಂದು. ಹಟ್ಟಿಯ ಗಣಿಯಲ್ಲಿ ಒಂದು ಟನ್ನು ಅದಿರಿಗೆ ಸಿಕ್ಕುವುದು ಕೆಲವೇ ಗ್ರಾಂ ಚಿನ್ನ. ಹಳೆಯ ಬೋರ್ಡುಗಳ ಒಂದು ಟನ್ನಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ತಾಮ್ರವಂತೂ ಧಾರಾಳ. ದುರ್ಗದ ಪಕ್ಕದ ಇಂಗಳದಾಳದಲ್ಲಿ ನೆಲ ಅಗೆದು ತಾಮ್ರ ತೆಗೆದ ಜನಕ್ಕೆ ಆ ಲೋಹದ ಬೆಲೆ ತಿಳಿಯದ್ದೇನಲ್ಲ. ಅಪಾಯವಿರುವುದು ವಿಧಿಯಿಲ್ಲದ ಕಡೆ. ಬೋರ್ಡನ್ನು ಬಯಲಲ್ಲಿ ಸುಟ್ಟು, ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವ ಕೈಗಳು ಸೀಸದ ಹೊಗೆಯನ್ನೂ ಕುಡಿಯುತ್ತವೆ. 2012ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು, 2023ರ ಏಪ್ರಿಲಿನಿಂದ ಬಂದ ಅವುಗಳ ಹೊಸ ರೂಪ, ತಯಾರಕರ ಮೇಲೆ ಹೊಣೆ ಹೊರಿಸಿವೆ. ಹಳ್ಳಿಯ ಗುಜರಿ ಗಾಡಿಗೆ ಆ ನಿಯಮ ಇನ್ನೂ ಅಪರಿಚಿತ. ಕೆಟ್ಟದ್ದನ್ನು ಸರಿಯಾದ ಕಡೆಗೆ ಕಳುಹಿಸಬೇಕು, ನಿಜ. ಆದರೆ ಪ್ರತಿಯೊಂದೂ ಕರಗಬೇಕೆಂದೇನಿಲ್ಲ. 1980ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಕಾಲೇಜಿರುವ ಊರು ಚಿತ್ರದುರ್ಗ. ಒಂದು ಗಾಜಿನ ಬೀರುವಿನಲ್ಲಿ, 386ರಿಂದ ಬಿ.ಎಕ್ಸ್.ವರೆಗೆ, ನಾಲ್ಕು ಬೋರ್ಡುಗಳನ್ನು ಸಾಲಾಗಿ ಇಡುವುದು ಯಾವ ಊರಿಗೂ ಭಾರವಾಗದು. ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಅವು ಪಾಠ ಹೇಳಿಯಾವು.

ಅಟ್ಟದಲ್ಲಿ ಬೋರ್ಡಿಟ್ಟವರು ಮಾಡಬೇಕಾದ ಒಂದು ಕೆಲಸವಿದೆ, ಅದು ತುರ್ತಿನದು. 386, 486 ಕಾಲದ ಅನೇಕ ಬೋರ್ಡುಗಳಲ್ಲಿ ಕೀಬೋರ್ಡಿನ ಕುಳಿಯ ಬಳಿ ಪುಟ್ಟ ಪೀಪಾಯಿಯಾಕಾರದ ಬ್ಯಾಟರಿಯೊಂದನ್ನು ಬೆಸೆದಿರುತ್ತಾರೆ. ವರ್ಷ ಕಳೆದಂತೆ ಅದು ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ಹಸಿರು ಕಿಲುಬಾಗಿಸಿ ತಿಂದುಹಾಕುತ್ತದೆ. ಅದನ್ನು ಕತ್ತರಿಸಿ ತೆಗೆದು, ಸೋರಿದ್ದರೆ ಆ ಜಾಗವನ್ನು ತುಸು ಬಿಳಿಯ ವಿನೆಗರಿನಿಂದ ಒರೆಸಿ, ಶುದ್ಧ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿದರೆ ಬೋರ್ಡು ಉಳಿಯುತ್ತದೆ. ಪೆಂಟಿಯಂ ನಂತರದವುಗಳಲ್ಲಿ ಬಹುಪಾಲು ನಾಣ್ಯದಂಥ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಸೋರುವುದು ಅಪರೂಪ, ಬರಿದೆ ಬರಿದಾಗುತ್ತದೆ.

ಬ್ಯಾಟರಿ ಬರಿದಾದ ಬೋರ್ಡಿಗೆ ಕಾಲದ ಅರಿವು ತಪ್ಪಿಹೋಗಿರುತ್ತದೆ. ಹಬ್ಬದ ಮಧ್ಯಾಹ್ನ ಎಲ್ಲರೂ ಮಲಗಿದಾಗ ಅದನ್ನು ಅಟ್ಟದಿಂದಿಳಿಸಿ, ಧೂಳು ಊದಿ, ಎಲ್ಲಿಂದಲೋ ಹುಡುಕಿ ತಂದ ಎಸ್.ಎಂ.ಪಿ.ಎಸ್. ಜೋಡಿಸಿ ಸ್ವಿಚ್ಚು ಹಾಕಿದರೆ, ಅದೃಷ್ಟವಿದ್ದಲ್ಲಿ, ಆ ಒಂದೇ ಒಂದು ಬೀಪ್ ಕೇಳಿಸುತ್ತದೆ. ಮೆಮೊರಿಯ ಎಣಿಕೆ ಏರುತ್ತದೆ. ಕೀಬೋರ್ಡ್ ಇಲ್ಲವೆಂದು ದೂರಿ, ಮುಂದುವರಿಯಲು ಕೀಬೋರ್ಡಿನ ‘ಎಫ್-1’ನ್ನೇ ಒತ್ತಬೇಕೆಂದು ಗಂಭೀರವಾಗಿ ಆಜ್ಞಾಪಿಸುತ್ತದೆ. ದಿನಾಂಕವನ್ನು ಕೇಳಿದರೆ ಎಷ್ಟೋ ಬೋರ್ಡುಗಳು ತಾವು ಹುಟ್ಟುವುದಕ್ಕೂ ಹಿಂದಿನ 1980ರ ಜನವರಿ 1 ಎನ್ನುತ್ತವೆ. ಹೊಸ ಬ್ಯಾಟರಿ ಹಾಕಿ ಮೊದಲು ದಿನಾಂಕವನ್ನು ತಿದ್ದಬೇಕು. ಆಮೇಲೆ ಕೆಳಗಿನ ಸಾಲಿಗೆ ಬಂದು ವೇಗವನ್ನು ನೋಡಬೇಕು: ಬ್ಯಾಟರಿಯೊಡನೆ ಅದೂ ಮರೆತುಹೋಗಿ 66ಕ್ಕೆ ಹಿಂದಿರುಗಿರುತ್ತದೆ, ಮತ್ತೆ 100 ಎಂದು ಬರೆಯಬೇಕು.